ಎದೆಗೆ ಪಿಯರ್ಸಿಂಗ್ ಮಾಡಿಸುವ ಮೊದಲು ಆ ಹಳೇ ಮೊಡವೆ ಗಂಟನ್ನು ತೋರಿಸಿ

ಪ್ರಶ್ನೆ: ನನಗೆ 24 ವರ್ಷ. ಊರು ತೀರ್ಥಹಳ್ಳಿ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ. ಎದೆಯ ನಡುವೆ, ಕತ್ತಿನ ಗುಂಡಿಯಿಂದ ನಾಲ್ಕು ಬೆರಳು ಕೆಳಗೆ, ಸರ್ಫೇಸ್ ಪಿಯರ್ಸಿಂಗ್ ಮಾಡಿಸಿಕೊಳ್ಳಬೇಕು ಅಂತ ತುಂಬ ದಿನದಿಂದ ಆಸೆ. ವಿಚಾರಿಸಿದ ಕಡೆ "ಕಿವಿ ಚುಚ್ಚಿದ ಹಾಗೇ, ಎರಡು ವಾರದಲ್ಲಿ ವಾಸಿಯಾಗುತ್ತೆ" ಅಂದರು. ಅಮ್ಮ ಮಾತ್ರ "ಎದೆಗೆ ಸೂಜಿ ಹಾಕಿದ್ರೆ ನರ ಕಡಿದುಹೋಗುತ್ತೆ, ಮುಂದೆ ಮಗೂಗೆ ಹಾಲು ಬರಲ್ಲ" ಅಂತ ಹೆದರಿಸುತ್ತಿದ್ದಾರೆ. ಇದು ನಿಜವಾ? ಮಳೆಗಾಲ ಶುರುವಾಗೋ ಮೊದಲೇ ಮಾಡಿಸಿಬಿಡಲಾ? ಆಮೇಲೆ ಆರೈಕೆ ಹೇಗೆ? ಆರ್ಟಿಫಿಷಿಯಲ್ ಓಲೆ ಹಾಕಿದರೆ ನನ್ನ ಕಿವಿ ತುರಿಸಿ ನೀರು ಬರುತ್ತೆ. ಇನ್ನೊಂದು, ಎರಡು ವರ್ಷದ ಹಿಂದೆ ಎದೆ ಮೇಲೆ ಆದ ಮೊಡವೆಯೊಂದು ಗಟ್ಟಿ ಗಂಟಾಗಿ ಹಾಗೇ ಉಳಿದಿದೆ. ಮೊದಲಿಗಿಂತ ಸ್ವಲ್ಪ ದೊಡ್ಡದಾಗಿದೆ, ಆಗಾಗ ತುರಿಸುತ್ತೆ. ಅದರಿಂದ ಏನೂ ತೊಂದರೆ ಇಲ್ಲ ಅಲ್ವಾ?

ಚರ್ಮವೈದ್ಯರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮೊಡವೆ ಹೋಗಿ ಎರಡು ವರ್ಷವಾಗಿದೆ, ಗಂಟು ಇನ್ನೂ ಬೆಳೆಯುತ್ತಿದೆ, ತುರಿಸುತ್ತಿದೆ, ಮೇಲಾಗಿ ಅದು ಎದೆಯ ಮೇಲಿದೆ. ನೋಡದೆ ಖಚಿತವಾಗಿ ಹೇಳಬಾರದು. ಆದರೆ ಈ ವಿವರ ಕೇಳಿದ ಯಾವ ಚರ್ಮವೈದ್ಯರಿಗೂ ಮೊದಲು ಹೊಳೆಯುವ ಹೆಸರು ಕೀಲಾಯ್ಡ್, ಅಂದರೆ ಗಾಯದ ಗಡಿ ದಾಟಿ ಬೆಳೆಯುವ ಕಲೆ. ಅದು ಕೀಲಾಯ್ಡೇ ಆಗಿದ್ದರೆ ನಿಮಗೆ ಎದೆಯ ಪಿಯರ್ಸಿಂಗ್ ಬೇಡ. ಉಳಿದ ಪ್ರಶ್ನೆಗಳಿಗೂ ಉತ್ತರ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು. ನಿಮ್ಮ ತೀರ್ಮಾನ ಮಾತ್ರ ಆ ಗಂಟಿನ ಮೇಲೆ ನಿಂತಿದೆ.

ಅಮ್ಮನ ಭಯದ ಮಾತಿಗೆ ಬರೋಣ. ಎದೆಮೂಳೆಯ ಮೇಲೆ ಹಾಲಿನ ಗ್ರಂಥಿಯೂ ಇಲ್ಲ, ನಾಳವೂ ಇಲ್ಲ. ಅಲ್ಲಿರುವುದು ಚರ್ಮ, ಅದರಡಿ ತೆಳ್ಳಗಿನ ಕೊಬ್ಬು, ಅದರ ಕೆಳಗೆ ನೇರ ಮೂಳೆ. ಸೂಜಿ ಹೋಗುವುದು ಕೆಲವೇ ಮಿಲಿಮೀಟರ್ ಆಳದಲ್ಲಿ. ಕಡಿದುಹೋಗುವಂಥ ದೊಡ್ಡ ನರ ಆ ದಾರಿಯಲ್ಲಿ ಇಲ್ಲ. ಸ್ವಲ್ಪ ದಿನ ಸುತ್ತಮುತ್ತ ಜೋಮು ಹಿಡಿದ ಹಾಗಿರಬಹುದು, ಅಷ್ಟೇ. ಮೊಲೆತೊಟ್ಟಿಗೆ ಚುಚ್ಚಿಸುವುದು ಬೇರೆ ವಿಷಯ. ಅಲ್ಲಿ ಹಾಲಿನ ನಾಳಗಳಿಗೆ ಪೆಟ್ಟಾಗುವ ಸಾಧ್ಯತೆ ನಿಜವಾಗಿಯೂ ಇದೆ. ಅಮ್ಮನ ಕಿವಿಗೆ ಬಿದ್ದಿದ್ದು ಅದೇ ಇರಬೇಕು.

ಹಾಗಂತ "ಕಿವಿ ಚುಚ್ಚಿದ ಹಾಗೇ" ಅನ್ನುವ ಮಾತೂ ಸರಿಯಲ್ಲ. ನಮ್ಮ ಮಲೆನಾಡಿನ ಅಜ್ಜಿಯರು ಚುಚ್ಚಿಸಿಕೊಳ್ಳುವುದಕ್ಕೆ ಹೆದರಿದವರೇ ಅಲ್ಲ. ಕಿವಿಯ ಮೇಲಂಚಿಗೆ ಬುಗುಡಿ, ಮೂಗಿಗೆ ಮೂಗುಬೊಟ್ಟು, ಎಲ್ಲ ಅಕ್ಕಸಾಲಿಗರ ಕೈಯಲ್ಲೇ ಆಗುತ್ತಿತ್ತು. ಆದರೆ ಕಿವಿಗೆ, ಮೂಗಿಗೆ ಎರಡು ಬದಿ ಇದೆ. ಸೂಜಿ ಈ ಕಡೆ ಹೊಕ್ಕು ಆ ಕಡೆ ಬರುತ್ತದೆ. ಎದೆಗೆ ಆ ಇನ್ನೊಂದು ಬದಿ ಇಲ್ಲ. ಸೂಜಿ ಚರ್ಮದೊಳಗೆ ಇಳಿದು, ಸ್ವಲ್ಪ ದೂರ ಅಡಿಯಲ್ಲೇ ಸಾಗಿ, ಅದೇ ಮೇಲ್ಮೈಯಲ್ಲಿ ಮತ್ತೆ ಹೊರಗೆ ಬರಬೇಕು. ಒಳಗೆ ಕೂತ ಕಡ್ಡಿಯ ಉದ್ದಕ್ಕೂ ಮೇಲೆ ತೆಳು ಚರ್ಮ, ಕೆಳಗೆ ಮೂಳೆ. ಕೈ ಎತ್ತಿದರೆ, ಬ್ಯಾಗ್ ಹೊತ್ತರೆ, ಮಗ್ಗುಲಾಗಿ ಮಲಗಿದರೆ ಎದೆಯ ಚರ್ಮ ಎರಡು ಪಕ್ಕಕ್ಕೂ ಎಳೆಯುತ್ತದೆ.

ಕಾಲಿಗೆ ಹೊಕ್ಕ ಸಿಬಿರನ್ನು ಚರ್ಮ ದಿನಾ ಸ್ವಲ್ಪ ಸ್ವಲ್ಪವೇ ಹೊರಗೆ ತಳ್ಳುತ್ತದಲ್ಲ, ಇಲ್ಲೂ ಅದೇ ಕೆಲಸ ನಡೆಯುತ್ತದೆ. ಕಡ್ಡಿಯ ಕೆಳಗೆ ಹೊಸ ಚರ್ಮ ಬೆಳೆಯುತ್ತದೆ, ಮೇಲಿನದು ತೆಳುವಾಗುತ್ತಾ ಹೋಗುತ್ತದೆ. ಕೊನೆಗೊಂದು ದಿನ ಕಡ್ಡಿ ಹೊರಗೆ. ಇದಕ್ಕೆ ರಿಜೆಕ್ಷನ್ ಅನ್ನುತ್ತಾರೆ. ಇದು ಸೋಂಕಲ್ಲ. ಆರೈಕೆ ಸರಿ ಮಾಡಿಲ್ಲ ಅಂತ ಚುಚ್ಚಿಸಿಕೊಂಡವರನ್ನು ಬೈಯುವ ಹಾಗೂ ಇಲ್ಲ. ಕೆಲವರಿಗೆ ಕೆಲವೇ ತಿಂಗಳಲ್ಲಿ ಆಗುತ್ತದೆ, ಕೆಲವರಿಗೆ ಒಂದೆರಡು ವರ್ಷ ನಿಲ್ಲುತ್ತದೆ. ಅದೃಷ್ಟವಿದ್ದರೆ ಇನ್ನೂ ಜಾಸ್ತಿ. ಕಿವಿಯ ತೂತಿನ ಹಾಗೆ ಜೀವನಪೂರ್ತಿ ಇರುತ್ತದೆ ಅಂದುಕೊಂಡು ಯಾರೂ ಮಾಡಿಸಬಾರದು.

ಎರಡು ವಾರದ ಲೆಕ್ಕವೂ ಹಾಗೇ. ಅಷ್ಟರಲ್ಲಿ ನೋವು, ಊತ ಇಳಿಯಬಹುದು, ಮೇಲಿಂದ ವಾಸಿಯಾದ ಹಾಗೆ ಕಾಣಬಹುದು. ಒಳಗಿನ ದಾರಿಗೆ ಪೂರ್ತಿ ಚರ್ಮ ಮೂಡಲು ಆರು ತಿಂಗಳಿಂದ ಒಂದು ವರ್ಷ ಬೇಕು.

ಈಗ ಆ ಗಂಟು. ಗಾಯ ಮಾಯುವಾಗ ಚರ್ಮ ಕೊಲಾಜನ್ ಅನ್ನುವ ನಾರನ್ನು ತಯಾರು ಮಾಡುತ್ತದೆ. ಬೇಕಾದಷ್ಟು ಆದ ಮೇಲೆ ನಿಲ್ಲಿಸಬೇಕು. ಕೀಲಾಯ್ಡ್ ಆಗುವವರಲ್ಲಿ ಅದು ನಿಲ್ಲುವುದಿಲ್ಲ. ಗಾಯ ಸಾಸಿವೆ ಕಾಳಿನಷ್ಟಿದ್ದರೂ ಕಲೆ ಅದರ ಗಡಿ ದಾಟಿ ಬೆಳೆಯುತ್ತದೆ. ಮೈಯೆಲ್ಲ ಒಂದೇ ಥರ ಅಲ್ಲ, ಅದಕ್ಕೆ ತನ್ನದೇ ಇಷ್ಟದ ಜಾಗಗಳಿವೆ. ಎದೆಯ ನಡುಭಾಗ, ಭುಜ, ಬೆನ್ನಿನ ಮೇಲ್ಭಾಗ, ಕಿವಿ, ದವಡೆಯಂಚು. ಅದರಲ್ಲೂ ಎದೆಯ ನಡುಭಾಗ ಅತ್ಯಂತ ಕೆಟ್ಟದ್ದು ಅಂತ ನಾವು ಚರ್ಮವೈದ್ಯರು ಹೆದರುವ ಜಾಗ. ಅಲ್ಲಿಂದ ಒಂದು ಮಚ್ಚೆ ತೆಗೆಯಬೇಕಾದರೂ ಎರಡು ಸಲ ಯೋಚನೆ ಮಾಡುತ್ತೇವೆ. ಬಿಳಿಚರ್ಮದವರಿಗಿಂತ ನಮ್ಮಂಥ ಕಂದು, ಕಪ್ಪು ಚರ್ಮದವರಲ್ಲಿ ಇದು ಜಾಸ್ತಿ. ಹತ್ತರಿಂದ ಮೂವತ್ತರ ವಯಸ್ಸಿನಲ್ಲಿ ಜಾಸ್ತಿ. ಮನೆಯಲ್ಲಿ ಯಾರಿಗಾದರೂ ಇದ್ದರೆ ಇನ್ನೂ ಜಾಸ್ತಿ. ಅಪ್ಪ, ಅಮ್ಮ, ಅಕ್ಕತಂಗಿಯರ ಆಪರೇಷನ್ ಕಲೆ, ಕಿವಿ ತೂತು, ತೋಳಿನ ಮೇಲಿನ ಬಿಸಿಜಿ ಲಸಿಕೆ ಗುರುತು ಹೇಗಿದೆ ಅಂತ ಒಮ್ಮೆ ನೋಡಿ.

ಉಬ್ಬಿದ್ದೆಲ್ಲ ಕೀಲಾಯ್ಡ್ ಅಲ್ಲ, ಇದನ್ನೂ ಹೇಳಬೇಕು. ಕೆಲವು ಕಲೆಗಳು ಗಾಯದ ಗಡಿಯೊಳಗೇ ಉಬ್ಬಿ, ತಿಂಗಳುಗಳಲ್ಲಿ ತಾವೇ ತಗ್ಗುತ್ತವೆ. ಪಿಯರ್ಸಿಂಗ್ ತೂತಿನ ಬುಡದಲ್ಲಿ ಬರುವ ಸಣ್ಣ ಕೆಂಪು ಗುಳ್ಳೆಯಂತೂ ಹೆಚ್ಚಾಗಿ ಉಜ್ಜಾಟ, ಒದ್ದೆ, ಸರಿಹೊಂದದ ಆಭರಣದಿಂದ ಬಂದದ್ದು. ಕಾರಣ ಸರಿಪಡಿಸಿದರೆ ಹೋಗುತ್ತದೆ. ಕೀಲಾಯ್ಡ್ ಹಾಗಲ್ಲ. ಗಾಯ ಮಾಯ್ದು ವಾರ, ತಿಂಗಳು ಕಳೆದ ಮೇಲೆ ಶುರುವಾಗುತ್ತದೆ. ತುರಿಸುತ್ತದೆ, ಚುಚ್ಚಿದ ಹಾಗಾಗುತ್ತದೆ. ತಾನಾಗಿ ತಗ್ಗುವುದು ತೀರಾ ಕಡಿಮೆ.

ಓಪಿಡಿಯಲ್ಲಿ ನಾನು ಮೊದಲು ಮಾಡುವುದು ಅಂಚನ್ನು ಬೆರಳಲ್ಲಿ ಮುಟ್ಟಿ ನೋಡುವುದು. ಎದೆಯ ಕೀಲಾಯ್ಡ್ ಅಡ್ಡಡ್ಡ ಹರಡುತ್ತದೆ, ಸ್ನಾಯು ಎಳೆಯುವ ದಿಕ್ಕಿಗೇ. ಮೇಲ್ಮೈ ಹೊಳೆಯುತ್ತದೆ. ನಡುಭಾಗ ಸ್ವಲ್ಪ ತಣ್ಣಗಾಗಿ ತಗ್ಗಿದ್ದರೂ ಎರಡು ತುದಿಗಳು ಕೆಂಪಾಗಿ ಗಟ್ಟಿಯಾಗಿರುತ್ತವೆ. ಬೆಳೆಯುತ್ತಿರುವುದು ಅಲ್ಲಿ. ಮನೆಯಲ್ಲಿ ನೀವೇ ಮಾಡಬಹುದಾದದ್ದು ಸುಲಭ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ತಿಂಗಳಿಗೊಂದು ಫೋಟೋ ತೆಗೆಯಿರಿ, ಬೆಳೆಯುತ್ತಿದೆಯೋ ಇಲ್ಲವೋ ಅಂತ ಅನುಮಾನವೇ ಉಳಿಯುವುದಿಲ್ಲ.

"ಕತ್ತರಿಸಿ ತೆಗೆದುಬಿಡಿ ಡಾಕ್ಟ್ರೇ" ಅಂತ ಕೇಳುವವರು ಬಹಳ. ಬರೀ ಕತ್ತರಿಸಿದರೆ ಹೆಚ್ಚಿನವರಲ್ಲಿ ಮತ್ತೆ ಬರುತ್ತದೆ, ಎಷ್ಟೋ ಸಲ ಮೊದಲಿಗಿಂತ ದೊಡ್ಡದಾಗಿ. ಸಾಮಾನ್ಯವಾಗಿ ನಾವು ಟ್ರಯಾಮ್ಸಿನೊಲೋನ್ ಅನ್ನುವ ಸ್ಟಿರಾಯ್ಡ್ ಇಂಜೆಕ್ಷನ್ ಅನ್ನು ಗಂಟಿನೊಳಗೇ ಕೊಡುತ್ತೇವೆ, ಮೂರು-ನಾಲ್ಕು ವಾರಕ್ಕೊಮ್ಮೆ, ಹಲವು ಸಲ. ನೋವಾಗುತ್ತದೆ. ಗಂಟು ಮೆತ್ತಗಾಗುತ್ತದೆ, ತುರಿಕೆ ಮೊದಲು ನಿಲ್ಲುತ್ತದೆ. ಸುತ್ತಲ ಚರ್ಮ ತೆಳುವಾಗಬಹುದು, ಬಣ್ಣ ಕಳೆದುಕೊಳ್ಳಬಹುದು. ಜೊತೆಗೆ ಸಿಲಿಕೋನ್ ಜೆಲ್, ಕೆಲವರಿಗೆ ಕ್ರಯೋಥೆರಪಿ, ಅಂದರೆ ಗಂಟನ್ನು ಅತಿ ಶೀತದಿಂದ ಹೆಪ್ಪುಗಟ್ಟಿಸುವುದು. ಸಣ್ಣದಿದ್ದಾಗಲೇ ಬಂದರೆ ಕೆಲಸ ಸುಲಭ. ಸುಣ್ಣ, ಗೇರೆಣ್ಣೆ ಹಚ್ಚಿ ಸುಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬೇಡ. ಸುಟ್ಟ ಗಾಯ ದೊಡ್ಡದು, ಅದರ ಮೇಲೆ ಬರುವ ಕೀಲಾಯ್ಡ್ ಇನ್ನೂ ದೊಡ್ಡದು.

ಹಾಗಾದರೆ ನಿಮಗೆ ಏನು ದಾರಿ?

ಗಂಟು ಕೀಲಾಯ್ಡ್ ಅಂತಾದರೆ ಎದೆಯಲ್ಲಿ ಚುಚ್ಚುವ ಯಾವುದೂ ಬೇಡ. "ಸರ್ಫೇಸ್ ಬೇಡ ಅಂದ್ರೆ ಡರ್ಮಲ್ ಆಂಕರ್ ಹಾಕಿಸಿಕೊಳ್ಳಲಾ" ಅಂತ ಕೇಳುವಿರಿ. ಅದರಲ್ಲಿ ಒಂದೇ ತೂತು. ಸಣ್ಣ ಪಾದದಂಥ ತಟ್ಟೆಯನ್ನು ಚರ್ಮದಡಿ ಕೂರಿಸುತ್ತಾರೆ, ತಟ್ಟೆಯ ರಂಧ್ರಗಳೊಳಗೆ ಚರ್ಮದ ನಾರು ಬೆಳೆದು ಹಿಡಿದುಕೊಳ್ಳುತ್ತದೆ. ವಾಸಿಯಾಗುವುದು ಬೇಗ, ಒಂದರಿಂದ ಮೂರು ತಿಂಗಳು. ಆದರೆ ತೆಗೆಯುವುದು ಸುಲಭವಲ್ಲ, ಹೆಚ್ಚಾಗಿ ವೈದ್ಯರೇ ಸಣ್ಣದಾಗಿ ಕೊಯ್ದು ತೆಗೆಯಬೇಕಾಗುತ್ತದೆ. ಕೀಲಾಯ್ಡ್ ದೃಷ್ಟಿಯಿಂದ ಅದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ, ಜಾಗ ಅದೇ ತಾನೆ. ಹಚ್ಚೆಯೂ ಸೂಜಿಯೇ. ನಿಮಗೆ ಆ ಜಾಗದಲ್ಲಿ ಅದನ್ನೂ ನಾನು ಹೇಳುವುದಿಲ್ಲ.

ಅಂಟಿಸುವ ಹರಳು ಹಾಕಬಹುದು, ಒಂದು ಮದುವೆಗೋ ಪಾರ್ಟಿಗೋ. ಮನೆಗೆ ಬಂದ ಕೂಡಲೇ ತೆಗೆದು ತೊಳೆಯಿರಿ. ದಿನಾ ಅದೇ ಜಾಗಕ್ಕೆ ಅಂಟಿಸಬೇಡಿ. ಹಣೆಗೆ ಸ್ಟಿಕ್ಕರ್ ಬಿಂದಿ ಇಟ್ಟೂ ಇಟ್ಟೂ ಅಲ್ಲಿ ಬಿಳಿ ಕಲೆ ಬಂದವರನ್ನು ನೀವೂ ನೋಡಿರುತ್ತೀರಿ. ಕೆಲವು ಅಂಟುಗಳಲ್ಲಿರುವ ಒಂದು ರಾಸಾಯನಿಕ ಚರ್ಮದ ಬಣ್ಣದ ಕಣಗಳನ್ನೇ ಕೊಲ್ಲುತ್ತದೆ. ಮೆಹಂದಿ ಚಿತ್ತಾರ ಬೇಕಿದ್ದರೆ ಗಿಡದ ಗೋರಂಟಿ ಆಗಬಹುದು, ಕಪ್ಪು ಬಣ್ಣ ಬರುವ ಕೋನ್ ಬೇಡ. ಅದರಲ್ಲಿ ಹೇರ್ ಡೈಗೆ ಹಾಕುವ ಪಿಪಿಡಿ ಇರುತ್ತದೆ, ಅಲರ್ಜಿಯಾದರೆ ಬೊಬ್ಬೆ ಏಳುತ್ತದೆ.

ಗಂಟು ಕೀಲಾಯ್ಡ್ ಅಲ್ಲ ಅಂತ ಗೊತ್ತಾಯಿತು, ಮನೆಯಲ್ಲೂ ಯಾರಿಗೂ ಇಲ್ಲ ಅಂತಿಟ್ಟುಕೊಳ್ಳಿ. ಆಗ ಇದು ನಿಮ್ಮ ಮೈ, ನಿಮ್ಮ ಇಷ್ಟ. ಒಂದೇ ಮಾತು ತಿಳಿದಿರಲಿ. ಇಲ್ಲಿ ಆಭರಣ ತಾತ್ಕಾಲಿಕ, ಕಲೆ ಕಾಯಂ. ಚೆನ್ನಾಗಿ ಹೋದರೂ ಎರಡು ಚುಕ್ಕೆ ಉಳಿಯುತ್ತದೆ, ನಮ್ಮ ಬಣ್ಣದಲ್ಲಿ ಅದು ಕಪ್ಪಾಗಿ ಬಹಳ ಕಾಲ ಕಾಣುತ್ತದೆ. ಆ ಚುಕ್ಕೆಗೆ ಒಪ್ಪಿಗೆ ಇದ್ದರೆ ಮುಂದುವರಿಯಿರಿ.

ಯಾವಾಗ ಅಂತ ಕೇಳಿದ್ದೀರಿ. ಮಳೆಗಾಲಕ್ಕೆ ಮುಂಚೆ ಅಲ್ಲ, ಮುಗಿದ ಮೇಲೆ. ಶಿವಮೊಗ್ಗ ಪೇಟೆಯಲ್ಲಿ ಹೇಗೋ ನಡೆಯುತ್ತದೆ. ನೀವು ವಾರಕ್ಕೊಮ್ಮೆ ಊರಿಗೆ ಹೋಗುವವರಾದರೆ ಕಷ್ಟ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋದ ಹಾಗೆ ಮಳೆ ಎಂಥದ್ದು ಅಂತ ನಿಮಗೆ ಹೇಳಬೇಕಾ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುತ್ತದೆ. ಜುಲೈನಲ್ಲಿ ಬಚ್ಚಲೊಲೆಯ ಮೇಲಿನ ಹಗ್ಗದಿಂದ ತೆಗೆದ ಒಳಉಡುಪು ಮುಟ್ಟಿದರೆ ಬೆಚ್ಚಗಿರುತ್ತದೆ, ಒಣಗಿರುವುದಿಲ್ಲ. ಅದರ ಪಟ್ಟಿ ಎದೆಯ ಮೇಲೆ ದಿನವಿಡೀ ಒದ್ದೆಯಾಗಿ ಒತ್ತಿಕೊಂಡಿದ್ದರೆ ಹೊಸ ಗಾಯ ಮೆತ್ತಗಾಗಿ, ಫಂಗಸ್, ಬ್ಯಾಕ್ಟೀರಿಯಾ ಎರಡಕ್ಕೂ ಹಬ್ಬ. ವಾಸಿಯಾಗಲು ವರ್ಷವೇ ಬೇಕಾದರೆ ಒಂದು ಮಳೆಗಾಲ ಸಿಕ್ಕೇ ಸಿಗುತ್ತದೆ, ತಪ್ಪಿಸಲು ಆಗಲ್ಲ. ಮೊದಲ ಮೂರ್ನಾಲ್ಕು ತಿಂಗಳು ಒಣಹವೆ ಸಿಕ್ಕರೆ ಸಾಕು. ಅಕ್ಟೋಬರ್ ಕೊನೆ ಒಳ್ಳೇದು. ಆದರೆ ಆಮೇಲೆ ಮನೆಯಲ್ಲಿ ಅಡಿಕೆ ಸುಗ್ಗಿ, ಅಲ್ವಾ? ಅಡಿಕೆ ಬೇಯುವಾಗ ಚೊಗರು ಸಿಡಿಯುವ ಹಂಡೆಯ ಹತ್ತಿರ, ಸಿಪ್ಪೆ ಧೂಳಿನ ಹತ್ತಿರ ಆ ವರ್ಷ ನಿಮಗೆ ಕೆಲಸ ಬೇಡ. ಬುಟ್ಟಿ ಎದೆಗೊತ್ತಿಕೊಂಡು ಎತ್ತುವುದಂತೂ ಬೇಡವೇ ಬೇಡ.

ಕಿವಿ ತುರಿಸಿ ನೀರು ಬರುವುದು ಬಹುತೇಕ ನಿಕಲ್ ಅಲರ್ಜಿ. ಜೀನ್ಸ್ ಗುಂಡಿ ತಾಗುವ ಕಡೆ, ವಾಚಿನ ಕೆಳಗೆ ಕೂಡ ತುರಿಸಿದರೆ ಇನ್ನೂ ಖಾತ್ರಿ. ಇಂಥವರು "ಸರ್ಜಿಕಲ್ ಸ್ಟೀಲ್" ಅನ್ನುವ ಹೆಸರಿಗೆ ಮರುಳಾಗಬಾರದು. ಸಾಮಾನ್ಯವಾಗಿ ಬಳಸುವ 316 ಎಲ್ ಸ್ಟೀಲ್‌ನಲ್ಲಿ ನೂರಕ್ಕೆ 10ರಿಂದ 14 ಭಾಗ ನಿಕಲ್ ಇರುತ್ತದೆ. ಚಿನ್ನದ ಪಾಲಿಶ್ ಹಾಕಿದ್ದು ಇನ್ನೂ ಕೆಟ್ಟದ್ದು, ಪಾಲಿಶ್ ಸವೆದ ಮೇಲೆ ಒಳಗಿನ ಲೋಹವೇ ಚರ್ಮಕ್ಕೆ. ದೇಹದೊಳಗೆ ಇಡುವ ದರ್ಜೆಯ ಟೈಟಾನಿಯಂ ಕೇಳಿ. ಎಎಸ್‌ಟಿಎಂ ಎಫ್ 136 ಅಂತ ಅದರ ಗುರುತು, ಪ್ಯಾಕೆಟ್ ಮೇಲೆ ಇರಬೇಕು.

ಮಾಡುವವರ ವಿಷಯಕ್ಕೆ ಬಂದರೆ, ಗೋಡೆಗೆ ತೂಗುಹಾಕಿದ ಟ್ರೇಡ್ ಲೈಸೆನ್ಸ್ ಅಂಗಡಿ ನಡೆಸುವುದಕ್ಕೆ, ಅದು ಕೈಚಳಕಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಸೂಜಿ ಒಂದೇ ಸಲ ಬಳಸುವಂಥದ್ದು, ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು. ಇಕ್ಕಳ, ಆಭರಣ ಆಟೋಕ್ಲೇವ್‌ನಲ್ಲಿ 121 ಡಿಗ್ರಿಯ ಹಬೆಯೊತ್ತಡ ಕಂಡಿರಬೇಕು. ಡೆಟಾಲ್ ನೀರಲ್ಲಿ ಅದ್ದಿ ತೆಗೆದರೆ ಹೆಪಟೈಟಿಸ್ ವೈರಸ್ ಸಾಯುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಕಿವಿ ಚುಚ್ಚುವ ಗನ್ ತೋರಿಸಿದರೆ ಎದ್ದು ಬನ್ನಿ. ಕಡ್ಡಿ ಸ್ಟೇಪ್ಲರ್ ಪಿನ್ನಿನ ಆಕಾರದಲ್ಲಿರಬೇಕು, ಎರಡೂ ತುದಿ ನೆಟ್ಟಗೆ ಮೇಲಕ್ಕೆ ಬಾಗಿರಬೇಕು. ಹುಬ್ಬಿಗೋ ಹೊಕ್ಕುಳಿಗೋ ಹಾಕುವ ಬಾಗಿದ ಕಡ್ಡಿಯನ್ನು ಎದೆಗೆ ತೂರಿಸಿದರೆ ಅದು ಚರ್ಮವನ್ನು ಒಳಗಿಂದ ಒತ್ತುತ್ತಲೇ ಇರುತ್ತದೆ, ಬೇಗ ಹೊರಗೆ ಬರುತ್ತದೆ. ಅವತ್ತು ಮಾಡಿದ ಕೆಲಸದ ಫೋಟೋ ಎಲ್ಲರೂ ತೋರಿಸುತ್ತಾರೆ. ವರ್ಷ ಕಳೆದ ಫೋಟೋ ಕೇಳಿ, ಆಗ ಗೊತ್ತಾಗುತ್ತೆ. ಮರಗಟ್ಟಿಸುವ ಕ್ರೀಮ್ ಹಚ್ಚಿಕೊಳ್ಳಬಹುದು. ಇಂಜೆಕ್ಷನ್ ಕೊಡುತ್ತೇನೆ ಅಂತ ಪಿಯರ್ಸರ್ ಹೇಳಿದರೆ ಬೇಡ, ಅದು ವೈದ್ಯರ ಕೆಲಸ.

ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಮೊದಲೇ ಹಾಕಿಸಿ. ಮೂರು ಡೋಸ್, ಆರು ತಿಂಗಳು ಹಿಡಿಯುತ್ತದೆ. ಧನುರ್ವಾಯುವಿನದೂ ನೋಡಿಕೊಳ್ಳಿ. ಹೃದಯದ ಕವಾಟದ ತೊಂದರೆ, ಹಿಡಿತಕ್ಕೆ ಬಾರದ ಶುಗರ್, ರಕ್ತ ತೆಳುವಾಗುವ ಮಾತ್ರೆ, ಗರ್ಭ, ಮೊಡವೆಗೆ ಐಸೊಟ್ರೆಟಿನೋಯಿನ್ ಮಾತ್ರೆ, ಇವುಗಳಲ್ಲಿ ಯಾವುದಿದ್ದರೂ ನಿಮ್ಮ ವೈದ್ಯರನ್ನು ಕೇಳದೆ ಚುಚ್ಚಿಸಬೇಡಿ.

ಆರೈಕೆ ಅಂದರೆ ಹೆಚ್ಚು ಮಾಡುವುದಲ್ಲ. ಮೆಡಿಕಲ್ ಶಾಪಿನಲ್ಲಿ ನಾರ್ಮಲ್ ಸಲೈನ್‌ನ ಚಿಕ್ಕ ಪ್ಲಾಸ್ಟಿಕ್ ಆಂಪ್ಯೂಲ್ ಸಿಗುತ್ತದೆ. ಕೈ ಸೋಪು ಹಾಕಿ ತೊಳೆದು, ದಿನಕ್ಕೆ ಎರಡು ಸಲ ಅದರಿಂದ ತೋಯಿಸಿ, ಗಾಜ್ ಬಟ್ಟೆಯಲ್ಲಿ ಒತ್ತಿ ಒರೆಸಿ. ಉಳಿದದ್ದನ್ನು ನಾಳೆಗೆ ಇಡಬೇಡಿ. ತುದಿಯಲ್ಲಿ ಕಟ್ಟುವ ತಿಳಿ ಹಳದಿ ಹಕ್ಕಳೆ ಕೀವಲ್ಲ, ಮಾಯುವ ಗಾಯದ ರಸ. ಉಗುರಲ್ಲಿ ಕೀಳಬೇಡಿ, ಸಲೈನಲ್ಲಿ ನೆನೆದು ತಾನೇ ಬರುತ್ತದೆ. ಕಡ್ಡಿಯನ್ನು ತಿರುಗಿಸಬೇಡಿ. ಅರಿಶಿನ, ಕೊಬ್ಬರಿ ಎಣ್ಣೆ, ಸ್ಪಿರಿಟ್, ಡೆಟಾಲ್, ಮನೆಯಲ್ಲಿ ಬಿದ್ದಿರುವ ಆಂಟಿಬಯೋಟಿಕ್ ಮುಲಾಮು, ಪೌಡರ್, ಯಾವುದೂ ಬೇಡ. ಅರಿಶಿನ ಒಳ್ಳೇದಲ್ವಾ ಅಂತ ಅಮ್ಮ ಕೇಳುತ್ತಾರೆ. ಅಡುಗೆಗೆ ಒಳ್ಳೇದು. ಡಬ್ಬಿಯ ಅರಿಶಿನ ಸ್ಟೆರೈಲ್ ಅಲ್ಲ, ಪುಡಿ ತೂತಿನಲ್ಲಿ ಕೂತರೆ ತೆಗೆಯುವುದಕ್ಕೂ ಆಗಲ್ಲ.

ಸರ, ದುಪಟ್ಟಾದ ಜರಿ, ಅಡ್ಡ ಹಾಕುವ ಬ್ಯಾಗಿನ ಪಟ್ಟಿ, ಕಾರಿನ ಸೀಟ್ ಬೆಲ್ಟ್, ಟರ್ಕಿ ಟವೆಲಿನ ನೂಲು, ಇವು ನಿಜವಾದ ಶತ್ರುಗಳು. ಒಂದು ಸಲ ಸಿಕ್ಕಿ ಎಳೆದರೆ ತಿಂಗಳ ಆರೈಕೆ ಹೋಯಿತು. ಬೋರಲು ಮಲಗಬೇಡಿ. ಮೊದಲ ಮೂರು ತಿಂಗಳಾದರೂ ಹೊಳೆ, ಕೆರೆ, ಈಜುಕೊಳ ಬಿಡಿ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ತುಂಗಾ ಹೊಳೆಯ ರಾಮಕುಂಡದಲ್ಲಿ ಮುಳುಗುವುದಿದ್ದರೆ ಆ ವರ್ಷ ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ನೀರಿನಲ್ಲಿ, ಮಣ್ಣಿನಲ್ಲಿ ಕ್ಷಯದ ರೋಗಾಣುವಿನ ಸಂಬಂಧಿಗಳಿರುತ್ತವೆ. ಅವು ಹೊಕ್ಕರೆ ತಕ್ಷಣ ಏನೂ ಆಗುವುದಿಲ್ಲ. ವಾರಗಳು ಕಳೆದ ಮೇಲೆ ನಿಧಾನವಾಗಿ ಗಂಟಾಗಿ ಸೋರುತ್ತದೆ, ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ, ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ.

ಚುಚ್ಚಿಸಿದ ಮೇಲೆ ಒಂದು ವರ್ಷ ರಕ್ತದಾನ ಮಾಡುವ ಹಾಗಿಲ್ಲ. ಎದೆಯ ಎಕ್ಸ್‌ರೇ, ಎಂಆರ್‌ಐ ಮಾಡಿಸುವಾಗ ಇದೆ ಅಂತ ಮೊದಲೇ ಹೇಳಿ.

ರಿಜೆಕ್ಷನ್ ಶುರುವಾಗಿದ್ದು ಕಣ್ಣಿಗೇ ಕಾಣುತ್ತದೆ. ಎರಡು ತೂತಿನ ನಡುವಿನ ಚರ್ಮ ಕೆಂಪಾಗಿ ನುಣುಪಾಗುತ್ತದೆ, ಕಡ್ಡಿಯ ನೆರಳು ಮೇಲಿಂದಲೇ ಕಾಣುತ್ತದೆ, ತೂತು ಅಗಲವಾಗುತ್ತದೆ. ಅವತ್ತೇ ತೆಗೆಸಿ. "ಇನ್ನೊಂದು ವಾರ ನೋಡೋಣ" ಅಂತ ಬಿಟ್ಟವರಿಗೆ ಕಡ್ಡಿ ಚರ್ಮ ಸೀಳಿಕೊಂಡು ಬರುತ್ತದೆ. ಎರಡು ಚುಕ್ಕೆಯಲ್ಲಿ ಮುಗಿಯಬೇಕಿದ್ದ ಕಲೆ ಉದ್ದ ಗೆರೆಯಾಗುತ್ತದೆ.

ಸೋಂಕಾದರೆ ಮಾತ್ರ ಲೆಕ್ಕ ಉಲ್ಟಾ. ಕೆಂಪು ದಿನೇ ದಿನೇ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ, ಮಿಡಿಯುವ ನೋವು, ದಪ್ಪ ಹಸಿರು-ಹಳದಿ ಕೀವು, ಜ್ವರ ಇದ್ದರೆ ಮನೆಯಲ್ಲೇ ಆಭರಣ ತೆಗೆಯಬೇಡಿ. ತೂತು ಮುಚ್ಚಿಕೊಂಡು ಕೀವು ಒಳಗೇ ಉಳಿದುಬಿಡುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೋ, ಹತ್ತಿರದ ಚರ್ಮವೈದ್ಯರಿಗೋ ಅವತ್ತೇ ತೋರಿಸಿ. ಹೋಗುವಾಗ ಆಭರಣ ಬಂದ ಪ್ಯಾಕೆಟ್ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ಯಾವ ಲೋಹ, ಎಷ್ಟು ಉದ್ದ, ತುದಿ ಯಾವ ಕಡೆಯಿಂದ ಬಿಚ್ಚಿಕೊಳ್ಳುತ್ತದೆ ಅಂತ ಗೊತ್ತಾದರೆ ನಮಗೆ ಅದನ್ನು ಕತ್ತರಿಸದೆ ತೆಗೆಯಲು ಸುಲಭ.